ಮೈಕಿನಲ್ಲಿ ಕೇಳಿದ ವರ

"ಮಗಳೇ, ನಿನಗೆ ಯಾವ ವರ ಬೇಕು?"

ವೇದಿಕೆಯಿಂದ ಪಾದ್ರಿಗಳು ಕೇಳಿದರು. ಅವಳ ಗದ್ದದ ಕೆಳಗೆ ಮೈಕು ಬಂದು ನಿಂತಿತು. ಔಷಧದಂಗಡಿಯ ಹುಡುಗಿ ಬೆಚ್ಚಿ ತಲೆಯೆತ್ತಿದಳು. ಮೈಕು ಹಿಡಿದ ಕೈಯ ಹಿಂದೆ ಎರಡು ಶಾಂತವಾದ ಕಣ್ಣುಗಳು! ಇಷ್ಟು ಹತ್ತಿರದಿಂದ ಅವನನ್ನು ಅವಳು ನೋಡಿದ್ದು ಇದೇ ಮೊದಲು.

"ಇವರು..." ಎಂದುಬಿಟ್ಟಳು. "ಈ ಮೈಕಿನವರು."

ಸಭೆಯೆಲ್ಲ ನಗೆ! ಹಿಂದಿನ ಬೆಂಚಿನ ಮುದುಕಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಪಾದ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವನು ಥಟ್ಟನೆ ಹಿಂದೆ ಸರಿದಾಗ ಮೈಕು 'ಕೀಂ' ಎಂದು ಕಿರುಚಿತು. ನಗೆ ಇಮ್ಮಡಿಯಾಯಿತು.

ಆಗಿದ್ದಿಷ್ಟೇ. ಧ್ಯಾನಕೂಟದ ಕೊನೆಯ ದಿನದ ಆ ಬೆಳಗ್ಗೆ ಪಾದ್ರಿಗಳು ಪವಿತ್ರಾತ್ಮನ ವರಗಳ ಬಗ್ಗೆ ಬೋಧಿಸಿ, ಎಲ್ಲರೂ ಎದ್ದು ಒಂದೊಂದು ವರ ಬೇಡಬೇಕೆಂದಿದ್ದರು. ಒಬ್ಬರು ತಾಳ್ಮೆ ಬೇಡಿದರು, ಇನ್ನೊಬ್ಬರು ವಿವೇಕ ಬೇಡಿದರು. ಇವಳ ಕಿವಿ ಮಾತ್ರ ಪಕ್ಕದ ಗೆಳತಿಯ ಕಡೆಗಿತ್ತು. ಊರೆಲ್ಲ ಪಟಾಕಿ ಎಂದೇ ಕರೆಯುವ ಆ ಗೆಳತಿ, ಚಿಕ್ಕಮ್ಮ ಹುಡುಕಿದ್ದ ಬ್ಯಾಂಕಿನ ಹುಡುಗನ ಬಗ್ಗೆ ಪಿಸುಗುಡುತ್ತಿದ್ದಳು. "ಆ ವರ ಬೇಡ ಅಂದ್ರೆ ಇನ್ಯಾವ ವರ ಬೇಕೇ ನಿಂಗೆ?" ಎಂದು ಅವಳು ಕೇಳುವುದಕ್ಕೂ ಪಾದ್ರಿಗಳು ಕೇಳುವುದಕ್ಕೂ ಸರಿಹೋಗಿತ್ತು!

ಊಟದ ಮನೆಯಲ್ಲಿ ತಟ್ಟೆಗಳ ಸದ್ದಿಗಿಂತ ನಗೆಯ ಸದ್ದೇ ಹೆಚ್ಚು.

"ಪಾದ್ರಿಗಳೇ, ನಂಗೊಬ್ಬ ಸ್ಪೀಕರಿನವನು ಸಿಗ್ತಾನಾ ನೋಡಿ!" ಎಂದಳು ಪಟಾಕಿ.

"ನೀನೇ ಒಂದು ಸ್ಪೀಕರು. ಸುಮ್ನೆ ಉಣ್ಣೇ," ಎಂದರು ಪಾದ್ರಿಗಳು.

ಚಿಕ್ಕಮ್ಮನಿಗೆ ಮಾತ್ರ ನಗು ಬರಲಿಲ್ಲ. ತಾಯಿಯಿಲ್ಲದ ಹುಡುಗಿಯನ್ನು ಸಾಕಿ ಬೆಳೆಸಿದವಳು ಅವಳು.

"ಮಾನ ಹರಾಜಾಯ್ತಲ್ಲೇ! ಸಾಯಂಕಾಲ ಮುಕ್ತಾಯದ ಪ್ರಾರ್ಥನೆಗೆ ಮುಂಚೆ ಎದ್ದು ನಿಂತ್ಕೊಂಡು, ತಮಾಷೆಗೆ ಹೇಳ್ದೆ, ಬಾಯಿ ತಪ್ತು ಅಂತ ಕ್ಷಮೆ ಕೇಳು. ಬ್ಯಾಂಕಿನವರ ಕಿವಿಗೆ ಬಿದ್ರೆ ಏನಂದಾರು?"

ಹುಡುಗಿ ತಟ್ಟೆ ಸರಿಸಿ ಎದ್ದು ಹೋದಳು.

ಖಾಲಿ ಸಭಾಂಗಣದಲ್ಲಿ ಮೈಕಿನವನು ವೈರು ಸುತ್ತುತ್ತಿದ್ದ. ನಿನ್ನೆ ಇದೇ ಹೊತ್ತಿನಲ್ಲಿ, ಯಾರೂ ಇಲ್ಲವೆಂದುಕೊಂಡು, ಮೈಕು ಪರೀಕ್ಷಿಸಲು ಅವನು ಒಂದು ಹಳೆಯ ಕೀರ್ತನೆ ಹಾಡಿದ್ದ. ಬಾಗಿಲ ಮರೆಯಲ್ಲಿ ಅವಳ ಕಾಲು ಅಲ್ಲೇ ನೆಟ್ಟುಹೋಗಿತ್ತು.

"ಸ್ವಲ್ಪ ಕೇಳ್ತೀರಾ..." ಎಂದಳು.

ಅವನು ತಿರುಗಲಿಲ್ಲ. "ನ... ನಗೋದಕ್ಕೆ ನಾ... ನಾನೇ ಬೇಕಿತ್ತಾ?"

ಹಾಡುವಾಗ ಇಲ್ಲದ ತೊದಲು ಮಾತಿನಲ್ಲಿತ್ತು.

"ಇಲ್ಲ! ನಾನು ನಿಮ್ಮನ್ನ..."

"ಶಾ... ಶಾಲೆಯಿಂದಲೂ ಅಭ್ಯಾಸ ಇದೆ. ಬಿ... ಬಿಡಿ. ಸಾಯಂಕಾಲ ಮುಗಿಸಿ ಹೋಗ್ತೀನಿ. ಇನ್ಮೇಲೆ ಈ ಚ... ಚರ್ಚಿನ ಕೆಲಸಕ್ಕೆ ಬೇರೆಯವರು ಬರ್ತಾರೆ."

ವೈರನ್ನು ಭುಜಕ್ಕೇರಿಸಿ ಅವಳ ಪಕ್ಕದಿಂದ ಹಾದು ಹೊರಟುಹೋದ.

'ತಮಾಷೆ ಅಂತ ನಾನು ಒಪ್ಪಿಕೊಂಡರೆ ಚಿಕ್ಕಮ್ಮನ ಮಾನ ಉಳಿಯುತ್ತೆ. ಇವರು ಮಾತ್ರ ಜೀವನವಿಡೀ ನನ್ನನ್ನೂ ಆ ಶಾಲೆಯ ಮಕ್ಕಳ ಸಾಲಿಗೇ ಸೇರಿಸ್ತಾರೆ...'

ಸಾಯಂಕಾಲ ಪಾದ್ರಿಗಳು, "ಯಾರಾದರೂ ಏನಾದರೂ ಹೇಳುವುದಿದೆಯಾ?" ಎಂದರು. ಚಿಕ್ಕಮ್ಮ ಮೊಣಕೈಯಿಂದ ತಿವಿದಳು. ಅವಳು ಎದ್ದಳು. ಅವನು ಮೈಕು ತಂದು, ತೋಳನ್ನಷ್ಟೇ ಮುಂದೆ ಚಾಚಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ ನಿಂತ.

"ಬೆಳಗ್ಗೆ ನಾನು ಬೋಧನೆ ಕೇಳ್ತಾ ಇರ್ಲಿಲ್ಲ. ಅದು ತಪ್ಪು. ಅದಕ್ಕೆ ಕ್ಷಮೆ ಕೇಳ್ತೀನಿ," ಎಂದಳು. ಚಿಕ್ಕಮ್ಮ ನೆಮ್ಮದಿಯ ಉಸಿರು ಬಿಟ್ಟಳು.

"ಆದ್ರೆ ತಪ್ಪಿದ್ದು ಕಿವಿ. ಬಾಯಿ ತಪ್ಪಲಿಲ್ಲ."

ಅವನ ಮುಖ ಗೋಡೆಯಿಂದ ಈಚೆಗೆ ಹೊರಳಿತು.

"ಏ, ಕೂತ್ಕೊಳೇ!" ಚಿಕ್ಕಮ್ಮ ಅವಳ ಸೆರಗು ಎಳೆದಳು.

"ಕೂರಲ್ಲ ಚಿಕ್ಕಮ್ಮ. ನಗೋರು ನಗ್ಲಿ." ಅವಳು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. "ಅಮ್ಮ ಕಾಯಿಲೆ ಬಿದ್ದಾಗ ದೇವರ ಹತ್ರ ತುಂಬ ಬೇಡಿದ್ದೆ. ಅವಳು ಹೋದ ಮೇಲೆ ಏನನ್ನೂ ಕೇಳಿಲ್ಲ. ಕೇಳೋಕೆ ಬಾಯೇ ಬರ್ತಿರ್ಲಿಲ್ಲ. ಇವತ್ತು ಗೊತ್ತಿಲ್ಲದೇ ಕೇಳ್ಬಿಟ್ಟೆ. ಅದನ್ನ ತಮಾಷೆ ಅಂತ ದೇವರ ಮನೇಲಿ ನಿಂತು ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ. ಇವರು ಒಪ್ತಾರೋ ಬಿಡ್ತಾರೋ ಇವರಿಷ್ಟ. ನಾನು ಕೇಳಿದ್ದನ್ನ ವಾಪಸ್ ತಗೊಳ್ಳಲ್ಲ!"

ಈ ಸಲ ಯಾರೂ ನಗಲಿಲ್ಲ. ಚಿಕ್ಕಮ್ಮ ಸೆರಗು ಹಿಡಿದ ಕೈಯನ್ನು ಮೆಲ್ಲನೆ ಸಡಿಲಿಸಿದಳು. ಸತ್ತ ಅಕ್ಕನ ಮಾತು ಬಂದೊಡನೆ ಅವಳ ಕಣ್ಣು ತುಂಬಿತ್ತು. "ಪ್ರಾರ್ಥಿಸೋಣ," ಎಂದರು ಪಾದ್ರಿಗಳು.

ಪ್ರಾರ್ಥನೆ ಮುಗಿದು ಜನ ಹೊರಬಂದಾಗ ಅವನ ಗಾಡಿ ಗೇಟಿನ ಬಳಿ ನಿಂತಿತ್ತು. ಡಬ್ಬಗಳೆಲ್ಲ ಏರಿಸಿ ಆಗಿತ್ತು. ಅವನು ಮಾತ್ರ ಗಾಡಿ ಏರಿರಲಿಲ್ಲ. ಅವಳು ಪಟಾಕಿಯ ಜೊತೆ ಅವನೆದುರು ಬಂದು ನಿಂತಳು.

"ನಾ... ನಾನು..." ಅವನ ತುಟಿ ಒದ್ದಾಡಿತು. ಕಿವಿ ಕೆಂಪಾಯಿತು. "ನಂ... ನಂಗೂ..."

"ನಿಮಗೂ ಇವಳು ಇಷ್ಟ, ಅಷ್ಟೇ ತಾನೇ?" ಪಟಾಕಿ ನಡುವೆ ಬಾಯಿ ಹಾಕಿದಳು.

"ನೀನು ಬಾಯಿ ಮುಚ್ಚು!" ಅವಳು ಗೆಳತಿಯ ಕಡೆ ನೋಡದೆಯೇ ಗದರಿದಳು. "ಅವರ ಮಾತು ಅವರೇ ಹೇಳ್ಲಿ."

ಪಟಾಕಿ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಕಣ್ಣು ಮುಚ್ಚಿದ, ತೆರೆದ. ಅವಳು ಅಲ್ಲೇ ಇದ್ದಳು. ಅವಳ ಮುಖದಲ್ಲಿ ಕರುಣೆಯೂ ಇರಲಿಲ್ಲ, ಅವಸರವೂ ಇರಲಿಲ್ಲ.

"ನಂ... ನಂಗೂ... ನೀ... ನೀವೇ ಬೇಕು."

ಅವಳ ಕಣ್ಣು ಮಂಜಾಯಿತು.

"ಇನ್ನೊಂದು ಸಲ ಹೇಳಿ," ಎಂದಳು. "ನಿಧಾನಕ್ಕೇ ಹೇಳಿ."