ನವಿಲುಗುಡ್ಡದಿಂದ ಬರುವ ಮೌನ

"ಕತ್ತಲಾಗೋದ್ರೊಳಗೆ ಕಳ್ಳ ಸಿಗದಿದ್ರೆ ನಿನ್ ನಂಬರ್ ಬ್ಲಾಕ್, ವಾಣಿ," ಎಂದು ಸೇಲಂನಿಂದ ಅರುಣಾಚಲಂ ಸಾರ್ ಫೋನಿನಲ್ಲಿ ಹೇಳಿದ್ದರು. ಹವ್ಯಾಸಿ ರೇಡಿಯೋ ಜಾಲದ ಉಸ್ತುವಾರಿ ಅವರದು.

ಜಾಲದ ಒಂದು ರಿಪೀಟರ್ ಮೆಟ್ಟೂರಿನ ಮೇಲಿನ ನವಿಲುಗುಡ್ಡದಲ್ಲಿತ್ತು. ಕೆಳಗಿನ ಸಣ್ಣ ಸೆಟ್ಟುಗಳ ದನಿ ಹಿಡಿದು ಧರ್ಮಪುರಿಯಾಚೆಗೂ ಮುಟ್ಟಿಸುವುದು ಅದರ ಕೆಲಸ. ಕೆಲವು ದಿನಗಳಿಂದ ಯಾರೋ ಮೈಕಿನ ಗುಂಡಿ ಒತ್ತಿ, ಮಾತಾಡದೆ, ಉಳಿದವರ ದಾರಿ ಕಟ್ಟುತ್ತಿದ್ದರು. ಯಾರು ಗುಂಡಿ ಒತ್ತಿದರೂ ಅವರ ಸೆಟ್ಟಿನ ನಂಬರು ಎಲ್ಲರ ಪರದೆಯ ಮೇಲೆ ಮೂಡುತ್ತದೆ; ಈಗ ಮೂಡುತ್ತಿದ್ದುದು ವಾಣಿಯ ನಂಬರು. ಸಿಗ್ನಲ್ಲಿನ ಬಲ ನೋಡಿದರೆ ಅದು ಗುಡ್ಡದ ತಲೆಯಿಂದಲೇ ಬರುತ್ತಿತ್ತು. ಆ ಮೌನವನ್ನು ಅವಳು ಗಂಟೆಗಟ್ಟಲೆ ಆಲಿಸಿದ್ದಳು. ಅದರಲ್ಲಿ ಮನುಷ್ಯನ ಉಸಿರಿರಲಿಲ್ಲ.

ಕಳ್ಳನನ್ನು ಹುಡುಕಿ ಗುಡ್ಡಕ್ಕೆ ಹೊರಟಾಗ ಜೊತೆಗೆ ಬಂದವನು ರಿಪೀಟರ್ ನೋಡಿಕೊಳ್ಳುವ ಧನಶೇಖರ್. ರಿಪೀಟರ್ ಪೆಟ್ಟಿಗೆಯ ಕೀಲಿ ಇದ್ದುದು ಅವನೊಬ್ಬನ ಬಳಿ. ಬಸ್ಸಿನಲ್ಲಿ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳದವನಿಗೆ ಉತ್ತರ ಮೊದಲೇ ಗೊತ್ತಿರಬಹುದಲ್ಲವೇ?

ಮಧ್ಯಾಹ್ನದ ಬಿಸಿಲಲ್ಲಿ ಹತ್ತಿದರು. ಕಾಲ ಕೆಳಗೆ ಉಸುಲೆ ಮರಗಳ ಬೂದು ಕಾಡು, ಅದರಾಚೆ ಅಣೆಕಟ್ಟೆಯ ನೀರು ತಗಡಿನಂತೆ ಹೊಳೆಯುತ್ತಿತ್ತು. ವಿದ್ಯುತ್ ಸ್ಥಾವರದ ಹೊಗೆ ನೇರವಾಗಿ ಏಳುತ್ತಿದ್ದುದು ನೋಡುನೋಡುತ್ತಲೇ ಬಾಗಿತು. ಗಾಳಿ ಎದ್ದಿತ್ತು.

ಕೊನೆಯದು ನುಣುಪಾದ ಬಂಡೆ. ಧನಶೇಖರ್ ಮೊದಲು ಹತ್ತಿ ಹಗ್ಗ ಇಳಿಬಿಟ್ಟ.

"ಹಿಡ್ಕ, ಬಾ ತಾಯಿ."

ಹಿಡಿಯಲೇ? ವಾಣಿ ಅವನ ಕೈ ನೋಡಿದಳು, ಮುಖ ನೋಡಿದಳು. ಹಗ್ಗವನ್ನು ಸೊಂಟಕ್ಕೆ ಬಿಗಿದಳು.

ಅರ್ಧದಲ್ಲಿ ಕಾಲು ಜಾರಿತು.

ಮಂಡಿ ಬಂಡೆಗೆ ಅಪ್ಪಳಿಸಿತು. ದೇಹ ಗಾಳಿಯಲ್ಲಿ ತೂಗಿತು.

"ಕೆಳಗೆ ನೋಡಬ್ಯಾಡ! ಎಡಗಡೆ ಸೀಳೈತೆ, ಕಾಲಿಡು!"

ಇಟ್ಟಳು. ಎಳೆದುಕೊಂಡ. ಅವನ ಅಂಗೈ ಸುಲಿದು ರಕ್ತ ಬಂದಿತ್ತು. ಅನುಮಾನ ಮಾತ್ರ ಇನ್ನೂ ಹೋಗಿರಲಿಲ್ಲ.

ಮೇಲೆ ಕಂಬದ ಕೊಕ್ಕೆಗೆ ಒಂದು ಮೈಕು ನೇತಾಡುತ್ತಿತ್ತು. ಅದರ ತಂತಿ ಪೆಟ್ಟಿಗೆಯೊಳಕ್ಕೆ ಹೋಗಿತ್ತು.

"ಇಲ್ಲೊಂದು ಸೆಟ್ ಇರೋದು ನಂಗೆ ಯಾಕೆ ಹೇಳ್ಲಿಲ್ಲ, ಅಣ್ಣ?"

"ಮಳೆಗಾಲ್ದಾಗೆ ಯಾರಾನ ಸಿಕ್ಕಾಕ್ಕಂಡ್ರೆ ಕೂಗ್ಲಿ ಅಂತ ಮಡಗಿದೆ. ಸೆಟ್ಟಿಂಗೆಲ್ಲ ನಿನ್ ಸೆಟ್ಟಿಂದ್ಲೇ ಕಾಪಿ ಒಡ್ದೆ. ಆಮೇಕೆ ನಂಬರ್..." ಅವನ ಬಾಯಿ ತೆರೆದೇ ಉಳಿಯಿತು. "ಅಯ್ಯೋ, ನಂಬರ್ ಮಾತ್ರ ಬದ್ಲಾಯಿಸ್ಲಿಲ್ಲ ತಾಯಿ!"

ಹಾಗಾದರೆ ಗುಂಡಿ ಒತ್ತುತ್ತಿದ್ದವರು ಯಾರು?

ಮೈಕಿಗೆ ಅರಿಶಿನ ಬಟ್ಟೆಯ ಮುಡುಪು ಬಿಗಿದಿತ್ತು. ಒಳಗಿನ ನಾಣ್ಯ ಸರಿಯಾಗಿ ಗುಂಡಿಯ ಮೇಲೆ ಕೂತಿತ್ತು. ಗಾಳಿ ಬೀಸಿ ಮೈಕು ಕಂಬಕ್ಕೆ ಬಡಿದಾಗಲೆಲ್ಲ ಗುಂಡಿ ಒತ್ತಿಕೊಳ್ಳುತ್ತಿತ್ತು.

ಧನಶೇಖರ್ ಚಾಕು ತೆಗೆದ.

"ಲೇ, ಕೈ ತಗಿಲಾ!"

ಗುಡ್ಡದ ಹಿಂಬದಿಯ ಬಳಸುದಾರಿಯಿಂದ ಕುರಿಗಳ ಜೊತೆ ಮೇಲೇರಿದ್ದ ಮುದುಕಿ ಕೋಲೆತ್ತಿ ನಿಂತಿದ್ದಳು. ಅಲ್ಲೇ ಕುರಿ ಮೇಯಿಸುವ ಮುತ್ತಮ್ಮ.

"ನನ್ ಟಗರು ತಪ್ಪೋಗೈತೆ. ಇದ್ರ ದನಿ ಊರೂರ್ಗೂ ಓಯ್ತದಂತಲ್ಲ, ಅದ್ಕೂ ಕೇಳ್ಲಿ ಅಂತ ಕಟ್ಟಿವ್ನಿ. ಅದು ಬರೋಗಂಟ ಬಿಚ್ಚಂಗಿಲ್ಲ."

"ಅದ್ರಿಂದ ಇವ್ಳ ನಂಬರ್ ಓಯ್ತೈತೆ, ಅಜ್ಜಿ!"

"ಓದ್ರೆ ಇನ್ನೊಂದ್ ಬತ್ತೈತೆ. ಟಗರು ಬತ್ತೈತಾ?"

ವಾಣಿಗೆ ನಗು ತಡೆಯಲಾಗಲಿಲ್ಲ. ಗಂಟನ್ನು ಅವಳು ಮುಟ್ಟಲಿಲ್ಲ. ಪೆಟ್ಟಿಗೆ ತೆಗೆಸಿ ಮೈಕಿನ ತಂತಿಯನ್ನಷ್ಟೇ ಕಳಚಿದಳು. ಮುಡುಪು ಕಂಬದಲ್ಲೇ ಉಳಿಯಿತು. ಗಾಳಿ ಬೀಸಿತು, ಮೈಕು ಬಡಿಯಿತು. ಕೈಸೆಟ್ಟಿನ ಪರದೆಯಲ್ಲಿ ಈ ಸಲ ಅವಳ ನಂಬರು ಮೂಡಲಿಲ್ಲ.

ಅವಳು ತನ್ನ ಸೆಟ್ಟಿನಲ್ಲಿ ಅರುಣಾಚಲಂ ಅವರಿಗೆ ಎಲ್ಲವನ್ನೂ ವಿವರಿಸಿದಳು. ಕೊನೆಗೆ, ಮುತ್ತಮ್ಮನಿಂದ ಗುರುತು ಕೇಳಿಕೊಂಡು, "ಕರಿಮೂತಿ ಟಗರು, ಎಡಕೊಂಬು ಮುರಿದಿದೆ. ಕಂಡವರು ಹೇಳಿ," ಎಂದೂ ಸೇರಿಸಿದಳು. ಮುತ್ತಮ್ಮ ಸೆಟ್ಟಿಗೆ ಕಿವಿಯಿಟ್ಟು ಕೂತಳು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟವಾಯಿತು. ವಾಣಿ ಊದಿದ ಮಂಡಿಯ ಕಾಲು ಎಳೆಯುತ್ತಾ ತಪ್ಪಲು ಮುಟ್ಟುವ ಹೊತ್ತಿಗೆ ಕಾಡು ಕಪ್ಪಾಗುತ್ತಿತ್ತು. ಧನಶೇಖರ್ ತಲೆ ತಗ್ಗಿಸಿಯೇ ನಡೆದಿದ್ದ.

"ನಿನ್ನೇ ಕಳ್ಳ ಅಂದ್ಕಂಡಿದ್ದೆ, ಅಣ್ಣ."

"ಗೊತ್ತು. ಅದ್ಕೇ ಸುಮ್ಕಿದ್ದೆ."

ಅಷ್ಟರಲ್ಲಿ ಜಾಲದ ಸಂಜೆ ಹಾಜರಿ ಶುರುವಾಯಿತು. ಸೇಲಂ ಕರೆಯಿತು, ಎಡಪ್ಪಾಡಿ ಓಗೊಟ್ಟಿತು, ಧರ್ಮಪುರಿ ಓಗೊಟ್ಟಿತು. ಬಳಿಕ ಅರುಣಾಚಲಂ ಅವಳ ನಂಬರು ಕೂಗಿದರು.

ವಾಣಿ ಗುಂಡಿ ಒತ್ತಿದಳು. "ಇದ್ದೀನಿ, ಸಾರ್."