ಬಂಗಾರದ ಪರದೆಯ ಹಿಂದಿನ ರೊಟ್ಟಿ

"ಹಂದರಾನೂ ಹಾಕಿಲ್ಲ, ನೆಂಟರೂ ಇಲ್ಲ. ಇದ್ಯಾವ ಲಗ್ನದ ಮನೆ ನಿರ್ಮಲಾ?"

ಕಸ್ತೂರಮ್ಮಜ್ಜಿ ಬಾಗಿಲಲ್ಲೇ ನಿಂತು ಕೇಳಿದರು. ನಂದಿಗುಡಿಯಿಂದ ಬೆಳಗಿನ ಬಸ್ಸು ಹತ್ತಿ, ಹರಿಹರದಲ್ಲಿ ಇನ್ನೊಂದು ಬಸ್ಸು ಹಿಡಿದು, ದಾವಣಗೆರೆಯ ಸರಸ್ವತಿ ನಗರದವರೆಗೆ ಬಂದಿದ್ದರು. ಉಟ್ಟಿದ್ದು ರೇಷ್ಮೆ ಸೀರೆ. ಕೈಚೀಲದಲ್ಲಿ ಮುಯ್ಯಿ ಮಾಡಲು ತಂದ ಬ್ಲೌಸ್ ಪೀಸು, ತೆಂಗಿನಕಾಯಿ.

ರಶ್ಮಿತಾಳ ಅಮ್ಮ ನಿರ್ಮಲಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. "ಬರ್ರಿ ದೊಡ್ಡಮ್ಮ, ಕೂಡ್ರಿ. ಯಾರ ಲಗ್ನ?"

"ನೀವೇ ಫೋನಿಗೆ ಕಾರ್ಡ್ ಕಳಿಸೀರಲ್ಲ. ತಾರೀಖು ಕಾಣ್ಲಿಲ್ಲ, ಇವತ್ತೇ ಇರಬೇಕಂತ ಬಂದೆ."

ಅಜ್ಜಿ ಫೋನ್ ತೆಗೆದು ತೋರಿಸಿದರು. ಬಂಗಾರದ ಬಣ್ಣದ ಪರದೆ ಎರಡೂ ಕಡೆ ಸರಿಯಿತು. ಓಲಗ ಮೊಳಗಿತು. ಗುಲಾಬಿ ಎಸಳು ಉದುರಿದವು, ಉದುರುತ್ತಲೇ ಇದ್ದವು. ಆಮೇಲೆ ಬಳುಕುವ ಅಕ್ಷರದಲ್ಲಿ 'ನಿರ್ಮಲ' ಎಂದು ಬಂತು. ಅದರ ಕೆಳಗೆ 'ತಮ್ಮ ಆಗಮನ ಬಯಸುವ' ಎಂದು.

ಇಣುಕಿ ನೋಡುತ್ತಿದ್ದ ರಶ್ಮಿತಾ ಮೆಲ್ಲಗೆ ಅಮ್ಮನ ಹಿಂದೆ ಸರಿದಳು. ಅದು ಲಗ್ನದ ಕಾರ್ಡ್ ಅಲ್ಲ, ಅಮ್ಮನ ರೊಟ್ಟಿ ವ್ಯಾಪಾರದ ವೆಬ್‌ಸೈಟು. ಆ ಡಿಸೈನ್ ಆರಿಸಿದ್ದು ಯಾರು ಅಂತೀರಿ? ಐದನೇ ಕ್ಲಾಸಿನ ರಶ್ಮಿತಾ ಮೇಡಂ.

ಅಮ್ಮನ ತಮ್ಮ ವೀರೇಶ ಮಾವ ಕಂಪ್ಯೂಟರ್ ಓದಿದವನು. ಹೋದ ವಾರ ತರತರದ ಡಿಸೈನ್ ತೋರಿಸಿ "ಯಾವುದು ಬೇಕು?" ಎಂದು ಕೇಳಿದ್ದ. ಪರದೆ ಸರಿದದ್ದೇ ತಡ, ಇವಳು ಕುಣಿದುಬಿಟ್ಟಿದ್ದಳು. "ಗ್ರ್ಯಾಂಡ್ ಐತೆ ಮಾವ. ಇದೇ ಫೈನಲ್." ಈಗ ಇದೇ ಟ್ರೆಂಡ್ ಎಂದು ಮಾವನೂ ಒಪ್ಪಿದ್ದ. ಅದು ಲಗ್ನದ ಮನೆಯವರಿಗೆ ಮಾಡಿದ ಡಿಸೈನ್ ಎಂದು ಇಬ್ಬರು ಜಾಣರಿಗೂ ಹೊಳೆಯಲಿಲ್ಲ. 'ಆಗಮನ ಬಯಸುವ' ಎಂಬ ಸಾಲು ಅದರಲ್ಲಿ ಮೊದಲೇ ಇತ್ತು. ಗಿರಾಕಿ ಬರಬೇಕಲ್ಲ, ಇರಲಿ ಎಂದು ಬಿಟ್ಟು, ಗೊತ್ತಿದ್ದವರ ಫೋನಿಗೆಲ್ಲ ಕಳಿಸಿದ್ದರು. ರೊಟ್ಟಿಯ ಮಾತು ಬರುತ್ತಿದ್ದುದು ಹೂವೆಲ್ಲ ಉದುರಿದ ಮೇಲೆ.

"ನಮ್ಮೂರಾಗೆ ಎಲ್ಲಾರೂ ಲಗ್ನ ಅಂತಾನೇ ತಿಳ್ಕೊಂಡಾರೆ," ಎಂದರು ಅಜ್ಜಿ. "ದಿನಾ ಇಂಥವು ಬರ್ತವೆ. ಪೂರ್ತಿ ಯಾರು ನೋಡ್ತಾರೆ?"

ಅದಕ್ಕೇ ಒಂದು ಆರ್ಡರೂ ಬಂದಿರಲಿಲ್ಲ. ಅಮ್ಮ ರೊಟ್ಟಿ ಕೊಡುತ್ತಿದ್ದ ಹಾಸ್ಟೆಲ್ ಮುಚ್ಚಿತ್ತು. ಈ ತಿಂಗಳೂ ಬೇರೆ ಗಿರಾಕಿ ಸಿಗದಿದ್ದರೆ ಅಮ್ಮ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವವರಿದ್ದರು. ಅಲ್ಲಿ ರಾತ್ರಿಯವರೆಗೆ ಡ್ಯೂಟಿ. ಸ್ಕೂಲಿಂದ ಬಂದರೆ ಮನೆಗೆ ಬೀಗ. ನೆನೆಸಿಕೊಂಡರೇ ರಶ್ಮಿತಾಳಿಗೆ ಅಳು ಬರುತ್ತಿತ್ತು.

ಅಮ್ಮ ಬೈಯಲಿಲ್ಲ. ಒಳಗೆ ಹೋಗಿ ಅಜ್ಜಿಗೆ ತಟ್ಟೆ ತಂದಿಟ್ಟರು. ಬೈದಿದ್ದರೇ ವಾಸಿಯಿತ್ತು.

ರಶ್ಮಿತಾ ತಟ್ಟೆಯನ್ನೇ ನೋಡಿದಳು. ಸ್ಟೀಲ್ ತಟ್ಟೆಯಲ್ಲಿ ಬಿಸಿ ಬಿಸಿ ಜೋಳದ ರೊಟ್ಟಿ. ಮೇಲೆ ಕರಗುತ್ತಿದ್ದ ಬೆಣ್ಣೆ. ಪಕ್ಕದಲ್ಲಿ ಕೆಂಪು ಶೇಂಗಾ ಚಟ್ನಿ. ಬೇರೇನೂ ಇರಲಿಲ್ಲ. ಆದರೂ ಅಳುವಿನ ನಡುವೆ ಅವಳ ಬಾಯಲ್ಲಿ ನೀರೂರಿತು.

ಹೋದ ಬರ್ತ್‌ಡೇಗೆ ಹಟ ಮಾಡಿ ಜರಿ ಲಂಗ ಹಾಕಿಕೊಂಡು ಸ್ಕೂಲಿಗೆ ಹೋಗಿದ್ದು ಅವಳಿಗೆ ನೆನಪಾಯಿತು. ಮಧ್ಯಾಹ್ನದ ಹೊತ್ತಿಗೆ ಸೊಂಟವೆಲ್ಲ ತುರಿಕೆ. ಆಟಕ್ಕೂ ಹೋಗಲಾಗಲಿಲ್ಲ. ಮಾರನೇ ದಿನ ಯೂನಿಫಾರ್ಮ್ ಹಾಕಿಕೊಂಡಾಗ ಎಷ್ಟು ಹಾಯೆನಿಸಿತ್ತು.

"ಮಾವ!" ಅವಳು ಒಳಕೋಣೆಗೆ ಓಡಿದಳು. "ನಮ್ ಸೈಟು ಜರಿ ಲಂಗದಂಗೆ ಆಗೈತೆ. ದಿನಾ ಹಾಕ್ಕೊಳ್ಳೋ ಬಟ್ಟೆ ಥರದ್ದು ಮಾಡು."

"ಸಿಂಪಲ್ ಮಾಡಿದ್ರೆ ಯಾರು ನೋಡ್ತಾರೆ? ಮುಂದಿನ ವರ್ಷ ಬೇರೆ ಟ್ರೆಂಡ್ ಬಂದ್ರೆ?"

"ರೊಟ್ಟಿಗೆ ಎಂಥ ಟ್ರೆಂಡು ಮಾವ? ಮುಂದಿನ ವರ್ಷಾನೂ ದುಂಡಗೇ ಇರ್ತೈತೆ."

ಮಾವ ನಕ್ಕ. ಅವನು ಲ್ಯಾಪ್‌ಟಾಪ್ ತೆರೆದ.

ಪರದೆ ಹೋಯಿತು, ಓಲಗ ಹೋಯಿತು, ಗುಲಾಬಿಯೂ ಹೋಯಿತು. ಬರೀ ಬಿಳಿ ಬಣ್ಣದ ಮೇಲೆ ಅಮ್ಮನ ತಟ್ಟೆಯ ಫೋಟೋ. 'ನಿರ್ಮಲಮ್ಮನ ರೊಟ್ಟಿ' ಎಂಬ ದಪ್ಪ ಅಕ್ಷರ. ಕೆಳಗೊಂದು ಹಸಿರು ಬಟನ್, ಒತ್ತಿದರೆ ನೇರ ಅಮ್ಮನಿಗೇ ಫೋನು.

ರಶ್ಮಿತಾ ಅದನ್ನು ಅಜ್ಜಿಯ ಫೋನಿನಲ್ಲೇ ತೆರೆದು ಅವರ ಮುಂದೆ ಹಿಡಿದಳು. "ಇದೇನು ಹೇಳಜ್ಜಿ?"

"ರೊಟ್ಟಿ. ಇನ್ನೇನು?" ಅಜ್ಜಿ ಕನ್ನಡಕವನ್ನೂ ಹಾಕಲಿಲ್ಲ. ಬಟನ್ ಒತ್ತಿಯೇ ಬಿಟ್ಟರು. ಅಡುಗೆಮನೆಯಲ್ಲಿ ಅಮ್ಮನ ಫೋನ್ ರಿಂಗಾಯಿತು. "ಹಲೋ ನಿರ್ಮಲಾ, ಇನ್ನೊಂದು ರೊಟ್ಟಿ ತಾರವ್ವ."

ಅಮ್ಮ ಫೋನ್ ಹಿಡಿದುಕೊಂಡೇ ನಕ್ಕುಬಿಟ್ಟರು.

ಹೊಸ ಸೈಟನ್ನು ಅಜ್ಜಿ ತಮಗೆ ಗೊತ್ತಿದ್ದವರಿಗೆಲ್ಲ ಕಳಿಸಿದರು. ಆ ವಾರವೇ ಹರಿಹರದಿಂದ ಕಲ್ಲೇಶಪ್ಪ ಎಂಬ ಖಾನಾವಳಿಯವರು ಫೋನ್ ಮಾಡಿದರು. ಮರುದಿನ ಮನೆಗೇ ಬಂದು, ರೊಟ್ಟಿ ತಿಂದು, ಬೆರಳು ಚೀಪಿದರು.

"ಮಗಳ ಲಗ್ನ ಐತ್ರಿ, ಅದಕ್ಕೂ ಕೊಡ್ರಿ. ಆಮೇಲೆ ಖಾನಾವಳಿಗೂ ದಿನಾ ನಿಮ್ಮ ರೊಟ್ಟೀನೇ."

ಅವರು ಗೇಟು ದಾಟಿದ್ದೇ ಅಮ್ಮ ರಶ್ಮಿತಾಳನ್ನು ಹಿಟ್ಟಿನ ಕೈಯಲ್ಲೇ ಅಪ್ಪಿಕೊಂಡರು. "ಬಟ್ಟೆ ಅಂಗಡಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ ಕಣೆ." ರಶ್ಮಿತಾಳ ಕಾಲು ನೆಲಕ್ಕೆ ತಾಗಲಿಲ್ಲ. ಮನೆಯೆಲ್ಲ ಕುಣಿದಳು, ತಲೆಯಲ್ಲಿ ಹಿಟ್ಟು ಮೆತ್ತಿಕೊಂಡೇ ಟ್ಯೂಷನ್ನಿಗೂ ಹೋದಳು.

ಸಂಜೆ ಕಲ್ಲೇಶಪ್ಪನವರ ಮಗಳ ಲಗ್ನದ ಕಾರ್ಡ್ ಫೋನಿಗೆ ಬಂತು. ಅದೇ ಬಂಗಾರದ ಪರದೆ, ಅದೇ ಓಲಗ, ಅದೇ ಗುಲಾಬಿ. ಎಲ್ಲರೂ ಬಿದ್ದು ಬಿದ್ದು ನಕ್ಕರು.

"ನಮ್ ಸೈಟಿಗೂ ಮೂಲೇಲಿ ಒಂದೇ ಒಂದು ಹೂವು ಹಾಕ್ಲೇನೆ?" ಮಾವ ಕೆಣಕಿದ.

ರಶ್ಮಿತಾ ಕೊನೆಯ ಎಸಳು ಉದುರುವವರೆಗೂ ನೋಡಿದಳು. ನಿಜಕ್ಕೂ ಚೆಂದವಿತ್ತು. ಅಡುಗೆಮನೆಯಿಂದ ಅಮ್ಮ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಬ್ಯಾಡ ಮಾವ," ಎಂದಳು. "ಲಗ್ನದ ದಿನ ನಾನೇ ಜರಿ ಲಂಗ ಹಾಕ್ಕೊಂಡು ಹೋಗ್ತೀನಲ್ಲ."