ಮಾಯವಾದ ಏಳು ಹೆಸರು

"ಅತ್ತಿಗೆ ನಮ್ಮಮ್ಮನ ಅಕ್ಷರ ಅಳಿಸಿಹಾಕಿದಾರೆ ಟೀಚರ್!" ಎನ್ನುತ್ತ, ಪರಊರಲ್ಲಿ ನರ್ಸಾಗಿರುವ ನಮ್ಮ ಬೀದಿಯ ಹುಡುಗಿ ಮೆಟ್ಟಿಲ ಮೇಲೇ ಕುಸಿದು ಕೂತಳು.

ಕೆಳಗೆ ನನ್ನ ಬೈಂಡಿಂಗ್ ಅಂಗಡಿ, ಮೇಲೆ ನಿವೃತ್ತ ವಿಜ್ಞಾನ ಟೀಚರ ಮನೆ. ಬೀದಿಯಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಹತ್ತುವುದು ಇದೇ ಮೆಟ್ಟಿಲು. ಅಂಟಿನ ಕೈ ಒರೆಸಿಕೊಂಡು ಟೀಚರ ಹಿಂದೆ ಹೊರಡುವವನು ನಾನು.

ಅವಳ ತೀರಿಕೊಂಡ ತಾಯಿ ತಾನು ಓದಬೇಕೆಂದು ಬರೆದಿಟ್ಟುಕೊಂಡಿದ್ದ ಪುಸ್ತಕಗಳ ಪಟ್ಟಿ ಅದು. ಏಳು ತೋಟಗಾರಿಕೆಯವು, ಏಳು ಚಿತ್ರಕಲೆಯವು. ಒಂದು ವರ್ಷದ ಮೇಲೆ ಮನೆಗೆ ಬಂದ ಮಗಳು ನೋಡಿದರೆ ಚಿತ್ರಕಲೆಯ ಏಳೂ ಮಾಯ.

"ಅಮ್ಮ ಬಣ್ಣ ಮುಟ್ಟಿದ್ರೆ ನೆಲ ಕಲೆಯಾಯ್ತು ಅಂತ ಅತ್ತಿಗೆ ಗೊಣಗ್ತಿದ್ರು. ಇನ್ನು ಆ ಮನೆಗೆ ಕಾಲಿಡಲ್ಲ!"

"ನೀನು ಕಾಲಿಡದೆ ನಮಗೆ ಬಾಗಿಲು ತೆಗೆಯೋರು ಯಾರಮ್ಮಾ? ನಡಿ."

ಪಟ್ಟಿ ಗಾಜಿನ ಚೌಕಟ್ಟಿನೊಳಗೆ, ಕಿಟಕಿಯ ಎದುರು ಗೋಡೆಯಲ್ಲಿತ್ತು. ಬೆಳಗಿನ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ತೋಟದ ಪುಸ್ತಕಗಳ ಹೆಸರು ಪೆನ್ಸಿಲಿನಲ್ಲಿದ್ದವು. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ನಿಂತು ತುಟಿ ಕಚ್ಚಿಕೊಂಡಿದ್ದಳು. ಕಪಾಟಿನಲ್ಲಿ ತಾಯಿಯ ಉಕ್ಕಿನ ಮೊನೆಯ ಲೇಖನಿ, ಪಕ್ಕದಲ್ಲೊಂದು ಸೀಸೆ. ಅದರ ತಳದಲ್ಲಿ ಒಣಗಿದ ಹೂವಿನ ಎಸಳು.

ಟೀಚರ್ ಹೇಳಿದಂತೆ ನಾನು ಚೌಕಟ್ಟು ಬಿಚ್ಚಿ ಹಾಳೆಯ ಮೇಲೆ ಬೆರಳಾಡಿಸಿದೆ. ಎಲ್ಲೂ ಕಾಗದದ ನಾರು ಎದ್ದಿರಲಿಲ್ಲ. ಚೌಕಟ್ಟಿನ ಅಂಚಿನಡಿ ಮುಚ್ಚಿಹೋಗಿದ್ದ ಕಡೆ ಮಾತ್ರ ಏಳು ಮೊದಲಕ್ಷರಗಳು ಊದಾ ಬಣ್ಣದಲ್ಲಿ ಹಾಗೇ ಇದ್ದವು.

ಟೀಚರ್ ನರ್ಸಿನ ಅಣ್ಣನನ್ನೂ ಕರೆದು ಎಲ್ಲರನ್ನೂ ಕೂರಿಸಿದರು.

"ಉಜ್ಜಿ ಅಳಿಸಿದ್ರೆ ಕಾಗದ ನಾರೆದ್ದು ಜುಂಗಾಗ್ತಿತ್ತು, ಆಗಿಲ್ಲ. ಗಿಡಕ್ಕೆ ಕಟ್ಟೋ ಹೆಸರಿನ ಚೀಟಿ ನೀರಿಗೆ ಅಳಿಸಬಾರದು ಅಂತ ತೋಟದವರು ಪೆನ್ಸಿಲಲ್ಲೇ ಬರೀತಾರೆ. ಅಮ್ಮ ತೋಟದ ಪುಸ್ತಕಗಳನ್ನೂ ಅದೇ ಅಭ್ಯಾಸದಲ್ಲಿ ಬರೆದ್ರು. ಚಿತ್ರಕಲೆಯವನ್ನ ಬರೆದದ್ದು ತಾವೇ ಮಾಡಿದ ಹೂವಿನ ಶಾಯಿಯಲ್ಲಿ. ಹೂವಿನ ಬಣ್ಣಕ್ಕೆ ಬಿಸಿಲು ಆಗಲ್ಲ. ಅಂಚಿನಡಿ ನೆರಳಿತ್ತು, ಅಲ್ಲಿ ಉಳೀತು. ಕಳ್ಳ ಸೂರ್ಯ. ಅದಿರ್ಲಿ, ಇಲ್ಲಿ ತೂಗುಹಾಕಿದ್ದು ಯಾರು?"

"ನಾನೇ," ಎಂದಳು ಅತ್ತಿಗೆ. "ಅತ್ತೆ ದಿನಾ ಕೂರ್ತಿದ್ದ ಜಾಗಕ್ಕೆ ಕಾಣ್ಲಿ ಅಂತ. ದಿನಾ ಗಾಜು ಒರೆಸ್ತಿದ್ದೆ. ಅಕ್ಷರ ಮಸುಕಾಗ್ತಾ ಹೋಯ್ತು. ಹೇಳಿದ್ರೆ ಯಾರು ನಂಬ್ತಾರೆ ಅಂತ ಸುಮ್ನಿದ್ದೆ."

ನರ್ಸು ತಲೆ ತಗ್ಗಿಸಿದಳು. ಅಣ್ಣ ಕೆಮ್ಮಿದ, ಅಂಥ ಹೊತ್ತಿನಲ್ಲಿ ಗಂಡಸರಿಗೆ ಗೊತ್ತಿರುವುದು ಅಷ್ಟೇ.

"ಬಣ್ಣ ಹೋದ್ರೂ ಮೊನೆ ಒತ್ತಿದ ಗುರುತು ಹೋಗಲ್ಲ," ಎಂದ ಟೀಚರ್ ಕಿಟಕಿ ಮುಚ್ಚಿಸಿ, ಟಾರ್ಚನ್ನು ಹಾಳೆಗೆ ಓರೆಯಾಗಿ ಹಿಡಿದರು. ಅಕ್ಷರಗಳು ಗೀರುಗೀರಾಗಿ ಎದ್ದುಬಂದವು. ಏಳನೆಯ ಹೆಸರಿನ ಪಕ್ಕ ಹಿಂದೆ ಯಾರ ಕಣ್ಣಿಗೂ ಬೀಳದ ಇನ್ನೊಂದು ಸಾಲಿತ್ತು, ಶಾಯಿ ಮುಟ್ಟಿಸದೆ ಒಣ ಮೊನೆಯಲ್ಲೇ ಗೀರಿದ್ದು. ನರ್ಸು ಬಗ್ಗಿ ನಿಧಾನವಾಗಿ ಓದಿದಳು: "ಇದನ್ನು ಸೊಸೆಯಿಂದ ಓದಿಸಿಕೊಳ್ಳಬೇಕು. ಅವಳ ದನಿ ಚೆನ್ನ. ಓದೆಂದು ಕೇಳಲು ನನಗೇ ಸಂಕೋಚ."

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಒಂದು ಮಾತು ಕೇಳಿದ್ರೆ ಓದ್ತಿರ್ಲಿಲ್ವಾ ನಾನು?"

ನಾನು ಅಂಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಉರಿ ತರಿಸಿಕೊಂಡೆ.

ನರ್ಸು ಎದ್ದು ಹೋಗಿ ಪೆನ್ಸಿಲ್ ತಂದಳು. ಹಾಳೆಯನ್ನು ಅತ್ತಿಗೆಯ ಮಡಿಲಲ್ಲಿಟ್ಟು ಕಾಲಬಳಿ ಕೂತಳು.

"ಒಂದೊಂದೇ ಓದಿ ಅತ್ತಿಗೆ. ನಾನು ಬರ್ಕೋತೀನಿ."